ಪೂರ್ಣವಿರಾಮ ಸಮೇತ ಬೈದಳು

ಬಾಡಿಗೆ ಮನೆ, ಅಡುಗೆಮನೆಯ ಮೇಜು
ಭಾನುವಾರ, ಹದಿನಾಲ್ಕನೇ ತಾರೀಕು, ಬೆಳಗಿನ ಹನ್ನೊಂದು ಗಂಟೆ

ನನ್ನ ಪ್ರೀತಿಯ ಮೋಡದ ಗುಮಾಸ್ತನಿಗೆ,

ತಿದ್ದಮ್ಮ ಇವತ್ತು ಬೆಳಗ್ಗೆ ಆಸ್ಪತ್ರೆಯಿಂದ ತಾನೇ ಫೋನು ಮಾಡಿ ನನ್ನನ್ನು ಆರು ನಿಮಿಷ, ಪೂರ್ಣವಿರಾಮ ಸಮೇತ, ಬೈದಳು. ಆರು ನಿಮಿಷ ಕಣೋ, ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ನಡುವೆ ಕೆಮ್ಮಿದ್ದು ಎರಡೇ ಸಲ. ಜ್ವರ ಬಿಟ್ಟು ಇವತ್ತಿಗೆ ಮೂರನೇ ದಿನ, ಆಮ್ಲಜನಕದ ಮಾಸ್ಕ್ ತೆಗೆದು ನಾಲ್ಕನೇ ದಿನ. ಬೈಸಿಕೊಂಡು ಇಷ್ಟು ಸುಖಪಟ್ಟವಳು ಈ ಬೀದಿಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಎರಡು ಸುತ್ತು ಕುಣಿದೆ. ಮೂರನೇ ಸುತ್ತಿಗೆ ಕಾಲು ನಿನ್ನ ಪುಸ್ತಕದ ಪೆಟ್ಟಿಗೆಗೆ ತಗುಲಿ ಕಿರುಬೆರಳು ಊದಿಕೊಂಡಿದೆ. ಅದಕ್ಕೂ ಸಂತೋಷವೇ.

ನೋಡು, ಕ್ಷೇಮ ಕೇಳುವುದನ್ನೇ ಮರೆತೆ. ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯ ತಾನೆ, ಅಥವಾ ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು, ಸಂಜೆಗೆ ಬೆಳಗಿನ ಬ್ರೆಡ್ಡಿನ ಅಂಚು ಎಂಬ ನಿನ್ನ ಬ್ರಹ್ಮಚಾರಿ ಊಟದ ಪಟ್ಟಿ ಮತ್ತೆ ಜಾರಿಗೆ ಬಂದಿದೆಯೋ? ಬೆಟ್ಟದ ಮೇಲೆ ಗಾಳಿ ಜೋರೆಂದು ಬರೆದಿದ್ದೆ. ನಿಮ್ಮ ಹವಾಮಾನ ಕಚೇರಿಯ ಥರ್ಮಾಮೀಟರಿನ ಪೆಟ್ಟಿಗೆಗೆ ಮಾಡಿಸಿರುವಂಥ ಬಿಳಿ ಬಾಗಿಲು ನಿನ್ನ ಕಿವಿಗೂ ಮಾಡಿಸಿಕೋ. ಇನ್ನು ಮುಂದೆ ಫೋನಿನ ಸಿಗ್ನಲ್ಲಿಗಾಗಿ ನೀರಿನ ಟ್ಯಾಂಕಿನ ಏಣಿ ಹತ್ತಬೇಡ. ಮದುವೆಯಾಗಿ ನಲವತ್ತೇಳನೇ ದಿನಕ್ಕೆ ಗಂಡ ಟ್ಯಾಂಕಿನಿಂದ ಬಿದ್ದ ಎಂದರೆ ಜನ ನನ್ನ ಕಾಲ್ಗುಣವನ್ನೇ ಅನ್ನುತ್ತಾರೆ. ಅತ್ತೆಯವರ ಎದುರಿಗೆ ‘ನೀವು’, ಕಾಗದದಲ್ಲಿ ‘ನೀನು’, ಸಂತೋಷ ಹೆಚ್ಚಾದಾಗ ‘ಕಣೋ’ ಎಂದು ನಮ್ಮಲ್ಲಿ ಒಪ್ಪಂದವಾಗಿದೆಯಲ್ಲ, ಇವತ್ತು ಪೂರ್ತಿ ‘ಕಣೋ’ ದಿನ.

ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹತ್ತು ವರ್ಷ ಕಲಿಸಿದ ಒಂದೇ ಒಂದು ಪತ್ರವೆಂದರೆ ರಜಾ ಅರ್ಜಿ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಶುರುವಾಗಿ ‘ಫಾರ್ ಟೂ ಡೇಸ್ ಓನ್ಲಿ’ ಎಂದು ಮುಗಿಯುತ್ತಿತ್ತು. ತರಗತಿಯ ನಲವತ್ತು ಮಕ್ಕಳಿಗೂ ಅದೇ ಜ್ವರ, ಅವೇ ಎರಡು ದಿನ. ಹಾಗಾಗಿ ಜ್ವರವೆಂದರೆ ಎರಡು ದಿನಕ್ಕೆ ತಾನಾಗಿ ಮುಗಿಯುವ ಒಂದು ಬಗೆಯ ರಜೆ ಎಂದೇ ನಾನು ಮೊನ್ನೆಮೊನ್ನೆಯವರೆಗೂ ನಂಬಿಕೊಂಡಿದ್ದೆ. ತಿದ್ದಮ್ಮನ ಜ್ವರ ಹದಿಮೂರು ದಿನ ಇತ್ತು. ಮೊದಲ ದಿನದ ವಿಷಯ ನಿನಗೆ ಫೋನಿನಲ್ಲೂ ಹೇಳಿಲ್ಲ, ಹಿಂದಿನ ಕಾಗದದಲ್ಲೂ ಬರೆದಿಲ್ಲ. ಇವತ್ತು ಅವಳು ಬೈದ ಮೇಲೆ ಹೇಳುವ ಧೈರ್ಯ ಬಂದಿದೆ, ಅದಕ್ಕೇ ಹೇಳಿಬಿಡುತ್ತೇನೆ.

ನೀನು ನಮ್ಮ ಪ್ರೆಸ್ಸಿಗೆ ಬಂದದ್ದು ಒಂದೇ ಸಲ, ಅದೂ ಬಾಗಿಲಲ್ಲೇ ನಿಂತು ಹೋದೆ. ನಮ್ಮ ಕೆಲಸ ನಡೆಯುವುದು ಹೀಗೆ. ಕಣ್ಣು ಕಾಣದವರಿಗಾಗಿ ಉಬ್ಬು ಚುಕ್ಕಿಗಳ ಪುಸ್ತಕ ಅಚ್ಚಾಗುತ್ತದಲ್ಲ, ಅದರ ಕರಡು ಹಾಳೆ ಮೊದಲು ನಮ್ಮ ಮೇಜಿಗೆ ಬರುತ್ತದೆ. ಮೇಜಿನ ಆ ಕಡೆ ತಿದ್ದಮ್ಮ, ಈ ಕಡೆ ನಾನು. ಅವಳು ಹುಟ್ಟಿನಿಂದ ಕಣ್ಣು ಕಾಣದವಳು; ಎರಡು ತೋರುಬೆರಳುಗಳನ್ನು ಸಾಲಿನ ಮೇಲೆ ಓಡಿಸುತ್ತ ಚುಕ್ಕಿಗಳನ್ನು ಗಟ್ಟಿಯಾಗಿ ಓದುತ್ತಾಳೆ. ನಾನು ಮೂಲ ಪುಸ್ತಕ ಹಿಡಿದು ಕಣ್ಣಿನಲ್ಲಿ ಹಿಂಬಾಲಿಸುತ್ತೇನೆ. ಎಲ್ಲಿ ಹೊಂದಿಕೆಯಾಗಲಿಲ್ಲವೋ ಅಲ್ಲಿ ಪೆನ್ಸಿಲಿನಿಂದ ಮೇಜಿಗೆ ಒಂದು ಸಲ ತಟ್ಟುತ್ತೇನೆ, ಅವಳು ನಿಲ್ಲುತ್ತಾಳೆ. ವಿರಾಮಚಿಹ್ನೆಗಳೂ ತಪ್ಪಬಾರದಾದ್ದರಿಂದ ‘ನದಿಯು ಪೂರ್ವಕ್ಕೆ ಹರಿದು ಅಲ್ಪವಿರಾಮ ಸಮುದ್ರ ಸೇರುತ್ತದೆ ಪೂರ್ಣವಿರಾಮ’ ಎಂದೇ ಓದಬೇಕು. ಹದಿನೆಂಟು ವರ್ಷ ಹೀಗೆ ಓದಿ ಓದಿ, ಕೋಪ ಬಂದಾಗ ಅವಳ ಮಾತಿಗೂ ಚಿಹ್ನೆಗಳು ಬಂದುಬಿಡುತ್ತವೆ. ಎಲ್ಲರ ತಪ್ಪನ್ನೂ ತಿದ್ದುವವಳು, ಅದಕ್ಕೇ ಇಡೀ ಪ್ರೆಸ್ಸಿಗೆ ತಿದ್ದಮ್ಮ. ನಾಲ್ಕು ವರ್ಷದ ಹಿಂದೆ ನಾನು ಸೇರಿದ ಮೊದಲ ದಿನವೇ ಮಸಿ ಬಾಟಲಿ, ಟೀ ಲೋಟ, ಅವಳ ಕೈಚೀಲ ಮೂರನ್ನೂ ಒಂದೇ ಏಟಿಗೆ ಬೀಳಿಸಿದಾಗ ನನಗೂ ಒಂದು ಹೆಸರಿಟ್ಟಳು. ಅದು ನಿನಗೆ ಗೊತ್ತು; ಈಗ ನೀನೂ ಹಾಗೇ ಕರೆಯುತ್ತೀಯ.

ಆ ಶನಿವಾರ, ರಜೆಗೆ ಮುಂಚೆ ಪ್ರೆಸ್ಸಿನಲ್ಲಿ ನನ್ನ ಕೊನೆಯ ದಿನ. ಸೋಮವಾರ ಒಂದನೇ ತಾರೀಕಿನ ರೈಲಿಗೆ ನಿನ್ನ ಬಳಿ ಬರಬೇಕಿತ್ತು, ಮೂರು ತಿಂಗಳ ರಜೆ ಮಂಜೂರಾಗಿತ್ತು. ಮಕ್ಕಳ ಭೂಗೋಳದ ಪುಸ್ತಕದಲ್ಲಿ ನದಿಗಳ ಅಧ್ಯಾಯ ಬಾಕಿ ಇತ್ತು. ‘ಇದನ್ನು ಮುಗಿಸದೆ ಹೋದರೆ ಗಂಡನ ಮನೆಯಲ್ಲಿ ಬಿಕ್ಕಳಿಕೆ ಬರುತ್ತೆ ನೋಡು’ ಎಂದು ಹೆದರಿಸಿ, ತನಗೆ ರಜೆಯಿದ್ದರೂ ನನಗಾಗಿಯೇ ಬಂದಳು. ಅವಳು ಓದುತ್ತಿದ್ದಳು, ನಾನು ಮಧ್ಯೆ ಮಧ್ಯೆ ನಮ್ಮ ಮನೆಯ ಕಿಟಕಿ ಪರದೆಗೆ ನಿಂಬೆ ಹಳದಿ ಚೆನ್ನವೋ ತಿಳಿ ಹಸಿರು ಚೆನ್ನವೋ ಎಂದು ಕೇಳುತ್ತಿದ್ದೆ, ಅದೂ ಬಣ್ಣವನ್ನೇ ನೋಡದವಳ ಹತ್ತಿರ. ‘ಎರಡೂ ಒಗೆದರೆ ಬಿಡುತ್ತೆ ಪೂರ್ಣವಿರಾಮ’ ಎಂದಳು. ಸಂಜೆ ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಬಿಸಿಯಾಗಿತ್ತು ಕಣೋ. ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬಿಸಿ. ನಾನು ಅದನ್ನು ಪ್ರೀತಿ ಅಂದುಕೊಂಡೆ. ಕಣ್ಣಲ್ಲಿ ನೀರು ತಂದುಕೊಂಡು, ಮೂಗು ಒರೆಸಿಕೊಂಡು, ಕುಣಿಯುತ್ತ ಬಸ್ಸು ಹತ್ತಿದೆ. ಭಾನುವಾರ ಅವಳ ಕೆಳಗಿನ ಮನೆಯವರು ಬಾಗಿಲು ಬಡಿದು ಬಡಿದು, ಕೊನೆಗೆ ನಮ್ಮ ಪ್ರೆಸ್ಸಿನ ತಗಡಿನ ತಾತನಿಗೆ ಫೋನು ಮಾಡಿದರು. ಸೋಮವಾರ ನನ್ನ ರೈಲು ಹೊರಡುವ ಹೊತ್ತಿಗೆ ನಾನು ಆಸ್ಪತ್ರೆಯ ಗಾಜಿನ ಬಾಗಿಲ ಈಚೆ ಇದ್ದೆ.

ವೈರಸ್ ಎಂದರು. ಅಂಟುತ್ತದೆ, ಮೂರನೇ ಮಹಡಿಗೆ ಯಾರೂ ಹೋಗುವಂತಿಲ್ಲ, ಔಷಧಿಗಿಂತ ದೇಹವೇ ಹೋರಾಡಬೇಕು ಎಂದರು. ದೇಹವೇ ಹೋರಾಡಬೇಕೆಂದರೆ ನಾನೇನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಮೊದಲ ಎರಡು ದಿನ ನಾನು ಮಾಡಿದ ಕೆಲಸಗಳನ್ನು ಕೇಳಿದರೆ ನೀನು ಮದುವೆಯ ಬಗ್ಗೆ ಮರುಚಿಂತನೆ ಮಾಡುತ್ತೀಯ. ಈ ಮನೆಯ ಹನ್ನೊಂದು ಕಿಟಕಿಗಳನ್ನು ಒಳಗೂ ಹೊರಗೂ ಒರೆಸಿದೆ. ಕಟ್ಟಿಟ್ಟಿದ್ದ ಪೆಟ್ಟಿಗೆಗಳನ್ನು ಬಿಚ್ಚಿ ಮತ್ತೆ ಕಟ್ಟಿದೆ. ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ನಿಂತು ಮೂರನೇ ಮಹಡಿಯ ಐದನೇ ಕಿಟಕಿಯ ಕಡೆ ಕೈ ಬೀಸಿದೆ. ಅವಳಿಗೆ ಕಾಣುವುದಿಲ್ಲ ಎಂಬುದು ಹತ್ತು ನಿಮಿಷದ ಮೇಲೆ ನೆನಪಾಯಿತು. ಅಷ್ಟರಲ್ಲಿ ಎರಡು ಬಸ್ಸಿನ ಪ್ರಯಾಣಿಕರು ನನಗೆ ಪ್ರೀತಿಯಿಂದ ಕೈ ಬೀಸಿ ಹೋಗಿದ್ದರು. ಇನ್ನು ವಾರ್ಡಿಗೆ ಮಾಡಿದ ಫೋನು. ಮಂಗಳವಾರ ಒಂದೇ ದಿನ ಹನ್ನೊಂದು ಸಲ. ಹನ್ನೆರಡನೆಯದಕ್ಕೆ ನರ್ಸಕ್ಕ (ಅವರ ದನಿ ಫೋನಿಲ್ಲದೆಯೂ ಇಲ್ಲಿಗೆ ಕೇಳಿಸೀತು) ‘ನೋಡಮ್ಮ, ನೀನು ಫೋನ್ ಮಾಡಿದಷ್ಟು ಹೊತ್ತೂ ನಾನು ಅವಳ ಹತ್ತಿರ ಇರೋಲ್ಲ. ಯಾವುದು ಬೇಕು ನೀನೇ ಹೇಳು’ ಎಂದರು. ನಾಚಿಕೆಯಾಗಿ ಇಟ್ಟೆ.

ಬುಧವಾರ ನೀನು ಟ್ಯಾಂಕಿನ ಮೇಲಿನಿಂದ ಕೂಗಿ ಹೇಳಿದೆಯಲ್ಲ, ‘ನಾನು ಉಷ್ಣಾಂಶ ನೋಡೋದು ಬೆಳಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ. ಮಧ್ಯದಲ್ಲಿ ನೋಡಿದರೆ ಹವೆ ಬದಲಾಗಲ್ಲ, ನಾನು ಬದಲಾಗ್ತೀನಿ. ಒಂದು ದಿನದ ಅಂಕಿ ನೋಡಿ ಹೆದರಬೇಡ, ಒಂದು ದಿನದ ಅಂಕಿ ನೋಡಿ ಕುಣಿಯಲೂ ಬೇಡ. ಮೂರು ದಿನದ ಗೆರೆ ಯಾವ ಕಡೆ ವಾಲುತ್ತೆ ನೋಡು’ ಎಂದು. ಆ ಮಾತು ನನ್ನನ್ನು ಉಳಿಸಿತು. ಅಂದಿನಿಂದ ನನಗೂ ಎಂಟೂವರೆ, ಐದೂವರೆ. ನರ್ಸಕ್ಕನೇ ಆ ಹೊತ್ತಿಗೆ ಅಂಕಿ ಸಿದ್ಧವಾಗಿಟ್ಟುಕೊಂಡು ‘ಬರ್ಕೊಳಮ್ಮ’ ಎನ್ನುತ್ತಿದ್ದರು. ಉಳಿದಿದ್ದ ನಮ್ಮ ಮದುವೆ ಕಾರ್ಡುಗಳ ಹಿಂಬದಿಯಲ್ಲಿ ಗೆರೆ ಎಳೆದು ಚುಕ್ಕಿ ಇಟ್ಟೆ. ‘ತಮ್ಮ ಆಗಮನವನ್ನು ಬಯಸುವ’ ಎಂಬ ಸಾಲಿನ ಬೆನ್ನಿಗೆ ಸರಿಯಾಗಿ ನೂರಾಮೂರು ಡಿಗ್ರಿ ಬಂದಿದೆ. ನಾಲ್ಕು ಕಾರ್ಡುಗಳನ್ನು ಸಾಲಾಗಿ ಗೋಡೆಗೆ ಅಂಟಿಸಿದ್ದೇನೆ. ಮೊದಲ ಎರಡು ಬೆಟ್ಟ, ಮೂರನೆಯದರಲ್ಲಿ ಇಳಿಜಾರು, ನಾಲ್ಕನೆಯದು ಬಯಲು. ಇವತ್ತಿಗೆ ಬಯಲು ಮೂರನೇ ದಿನ. ಆದ್ದರಿಂದ ಬೆಳಗಿನ ಕುಣಿತ ನಿನ್ನ ಕಚೇರಿಯ ನಿಯಮದ ಪ್ರಕಾರವೇ ನಡೆದಿದೆ.

ಇಷ್ಟರಲ್ಲಿ ಅರ್ಧ ನಿನಗೆ ಸೋಮವಾರದ ಕಾಗದದಲ್ಲಿ ತಿಳಿದಿದೆ. ಅದನ್ನು ಅಂಚೆಗೆ ಹಾಕಿದ ಮೇಲೆ ನಡೆದದ್ದು ಬೇರೆಯೇ ಕಥೆ. ಆ ಸಂಜೆ ನರ್ಸಕ್ಕ ಅಂಕಿ ಹೇಳಿ, ಡಾಕ್ಟರ ಮಾತನ್ನೂ ಹೇಳಿದರು: ಜ್ವರ ಇಳಿಯುತ್ತಿದೆ, ಆದರೆ ಈ ವೈರಸ್ಸಿಗೆ ಕೆಲವರ ಬೆರಳ ತುದಿ ಜೋಮು ಹಿಡಿದ ಹಾಗಾಗಬಹುದು, ಹಾಗೇನಾದರೂ ಆದರೆ ತಿಳಿಸಿ ಎಂದು ಅವಳಿಗೇ ಹೇಳಿದರಂತೆ. ಡಾಕ್ಟರಿಗೆ ಅದು ಹತ್ತು ಮಾತಿನಲ್ಲಿ ಒಂದು ಮಾತು. ನೀನೂ ನಾನೂ ಆದರೆ ನಾಲ್ಕು ದಿನ ಗುಂಡಿ ಹಾಕಿಕೊಳ್ಳುವುದು ಕಷ್ಟವಾಗುತ್ತಿತ್ತು, ಅಷ್ಟೆ. ತಿದ್ದಮ್ಮನಿಗೆ ಬೆರಳೆಂದರೆ ಕಣ್ಣು, ಕೆಲಸ, ಬೆಳಗಿನ ಪೇಪರು, ಗಡಿಯಾರ, ಎಲ್ಲ. ಪಕ್ಕದಲ್ಲಿದ್ದು ಧೈರ್ಯ ಹೇಳೋಣವೆಂದರೆ ಬಿಡುವುದಿಲ್ಲ, ಫೋನಿನಲ್ಲಿ ಮಾತಾಡಲು ಮಾಸ್ಕ್ ಬಿಡುವುದಿಲ್ಲ. ಕಾಗದ ಬರೆದರೆ ನರ್ಸಕ್ಕ ಓದಿ ಹೇಳಬೇಕು, ಅದಕ್ಕೆ ಅವಳು ಒಪ್ಪುವವಳಲ್ಲ. ‘ನನ್ನ ಕಾಗದ ನಾನೇ ಓದಬೇಕು, ಇಲ್ಲದಿದ್ದರೆ ಅದು ಓದಿದವರ ಕಾಗದ’ ಎನ್ನುವುದು ಅವಳ ಹಳೆಯ ಕಾನೂನು. ಆಗ ನನಗೆ ಹೊಳೆಯಿತು: ನಾನೇ ಚುಕ್ಕಿಯಲ್ಲಿ ಬರೆದು ಕಳಿಸಿದರೆ?

ನಗಬೇಡ. ನಾಲ್ಕು ವರ್ಷ ಅವಳ ಎದುರು ಕೂತವಳಿಗೆ ಚುಕ್ಕಿಯ ಒಂದಕ್ಷರ ಬರೆಯಲು ಬರುವುದಿಲ್ಲ ಎಂಬುದು ನನ್ನ ದೊಡ್ಡ ಅವಮಾನ. ಮಂಗಳವಾರ ಬೆಳಗ್ಗೆ ಪ್ರೆಸ್ಸಿಗೆ ಹೋಗಿ, ಅವಳ ಖಾನೆಯಿಂದ ಕೈಯಲ್ಲಿ ಬರೆಯುವ ಸಾಮಾನು ತೆಗೆದೆ. ಸಣ್ಣ ಸಣ್ಣ ಕಿಟಕಿಗಳಿರುವ ಒಂದು ಲೋಹದ ಪಟ್ಟಿ, ದಬ್ಬಳದಂಥ ಒಂದು ಮೊನೆ. ಗಟ್ಟಿ ಹಾಳೆಯನ್ನು ಪಟ್ಟಿಯಲ್ಲಿ ಸಿಕ್ಕಿಸಿ, ಗೋಡೆಯ ಮೇಲಿನ ಅಕ್ಷರಮಾಲೆ ನೋಡಿ ನೋಡಿ, ಒಂದೊಂದೇ ಚುಕ್ಕಿ ಒತ್ತಿದೆ. ಎಂಟು ಸಾಲಿಗೆ ಮೂರು ಗಂಟೆ. ‘ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲ. ಪರದೆಗೆ ನಿಂಬೆ ಹಳದಿಯೇ ತಗೊಂಡೆ. ಬೇಗ ಎದ್ದು ಬಾ, ನನ್ನ ತಪ್ಪು ಹಿಡಿಯುವವರಿಲ್ಲದೆ ಬೇಜಾರಾಗಿದೆ’ ಇಷ್ಟೇ ವಿಷಯ. ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಆಸ್ಪತ್ರೆಯ ಕೆಳಗಿನ ಕಿಟಕಿಯಲ್ಲಿ ಕೊಟ್ಟು, ರಸ್ತೆಯುದ್ದಕ್ಕೂ ನನ್ನನ್ನು ನಾನೇ ಹೊಗಳಿಕೊಂಡು ಬಂದೆ.

ಬುಧವಾರ ಬೆಳಗ್ಗೆ ಎಂಟೂವರೆಗೆ ನರ್ಸಕ್ಕನ ದನಿ ಸಣ್ಣದಾಗಿತ್ತು. ಅಂಕಿ ಕೆಟ್ಟದ್ದೇನಲ್ಲ, ಆದರೆ ರಾತ್ರಿ ಊಟ ಮುಟ್ಟಿಲ್ಲ ಎಂದರು. ಸಂಜೆಯೂ ಮುಟ್ಟಿಲ್ಲ. ಗುರುವಾರ ಬೆಳಗ್ಗೆ ಮಾಸ್ಕ್ ತೆಗೆದರೂ ಮಾತಾಡಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ, ಕೈ ಎರಡೂ ಹೊದಿಕೆಯೊಳಗೆ. ‘ನಿನ್ನ ಕಾಗದ ಬಂದಾಗ ಎಷ್ಟು ಖುಷಿಯಾಗಿದ್ದಳು ಗೊತ್ತಾ? ಸುಮಾರು ಹೊತ್ತು ಸವರಿದಳು. ಆಮೇಲೆ ಮಾಸ್ಕ್ ಸರಿಸಿ, ಸಿಸ್ಟರ್, ಈ ಹಾಳೆ ಮೇಲೆ ಅಕ್ಷರ ಇದೆಯಾ ಅಂತ ಕೇಳಿದಳು. ನಾನು ಯಾಕಮ್ಮ, ಹಾಳೆ ತುಂಬಾ ಇದೆಯಲ್ಲ, ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಾಳೆ ನಿನ್ನ ಗೆಳತಿ ಅಂದೆ. ಅಷ್ಟೇ ನೋಡು, ಮಡಿಸಿ ದಿಂಬಿನ ಕೆಳಗಿಟ್ಟಳು’ ಎಂದರು ನರ್ಸಕ್ಕ. ನನಗೆ ಏನೂ ಅರ್ಥವಾಗಲಿಲ್ಲ. ಕುರ್ಚಿಯ ಮಾತು ಬರೆದದ್ದೇ ತಪ್ಪಾಯಿತೇನೋ, ಕೆಲಸ ನೆನಪಾಗಿ ನೊಂದಳೇನೋ ಎಂದುಕೊಂಡು ಇನ್ನೊಂದು ಕಾಗದ ಒತ್ತತೊಡಗಿದೆ. ಈ ಸಲ ಬರೀ ಜೋಕು.

ಅದನ್ನು ಒತ್ತುತ್ತಿರುವಾಗ ತಗಡಿನ ತಾತ ಬಂದರು. ನಮ್ಮ ಮದುವೆಯಲ್ಲಿ ಎರಡು ಸಲ ಐಸ್‌ಕ್ರೀಂ ತಿಂದು ಮೂರನೆಯದನ್ನು ಜೇಬಿನಲ್ಲಿಟ್ಟುಕೊಂಡವರು, ನೆನಪಿದೆಯಾ? ಅವರೇ. ಮೂವತ್ತೈದು ವರ್ಷದಿಂದ ಪ್ರೆಸ್ಸಿನ ತಗಡುಗಳ ಮೇಲೆ ಚುಕ್ಕಿ ಕೆತ್ತುವವರು. ಕಣ್ಣಿರುವವರಾದರೂ ಹಾಳೆಯನ್ನು ಬೆಳಕಿಗೆ ವಾರೆ ಹಿಡಿದರೆ ನೆರಳಿನಲ್ಲೇ ಓದಿಬಿಡುತ್ತಾರೆ. ನನ್ನ ಹಾಳೆಯನ್ನು ಕಿಟಕಿಯ ಕಡೆ ವಾಲಿಸಿದರು. ತಿರುಗಿಸಿದರು. ಕನ್ನಡಕ ಹಣೆಗೇರಿಸಿದರು. ‘ಮೊದಲನೇ ಕಾಗದಾನೂ ಹೀಗೇ ಬರೆದೆಯಾ ಮಗಳೇ?’ ಎಂದರು. ‘ಇನ್ನೂ ನಿಧಾನವಾಗಿ’ ಎಂದೆ. ತಾತ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ‘ಇದನ್ನು ಓದಬೇಕಾದರೆ ಕನ್ನಡಿಯೊಳಗೆ ಹೋಗಿ ಕೂರಬೇಕು.’

ಮೊನೆಯಿಂದ ಒತ್ತಿದಾಗ ಚುಕ್ಕಿ ಉಬ್ಬುವುದು ಹಾಳೆಯ ಆ ಬದಿಗೆ. ಓದುವವರು ಹಾಳೆ ಮಗುಚಿ ಓದುತ್ತಾರೆ. ಆದ್ದರಿಂದ ಬರೆಯುವಾಗ ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ತಿರುಗಿಸಿ ಒತ್ತಬೇಕು. ನಾನು ಗೋಡೆಯ ಮೇಲೆ ಕಂಡಂತೆಯೇ ಎಡದಿಂದ ಬಲಕ್ಕೆ ಒತ್ತಿದ್ದೆ. ಎಂಟು ಸಾಲೂ ಹಿಂದುಮುಂದು. ಬೇರೆ ದಿನವಾಗಿದ್ದರೆ ತಿದ್ದಮ್ಮ ಅರ್ಧ ನಿಮಿಷದಲ್ಲಿ ಗುಟ್ಟು ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಹತ್ತು ದಿನ ಜ್ವರದಲ್ಲಿ ಬೆಂದು, ಬೆರಳ ಬಗ್ಗೆ ಡಾಕ್ಟರ ಮಾತು ಕೇಳಿಸಿಕೊಂಡ ಮರುದಿನ, ಓದಲು ಬಾರದ ಒಂದು ಹಾಳೆ ಅವಳ ಕೈಗೆ ಬಂತು. ಹಾಳೆ ತುಂಬಾ ಇದೆ ಎಂದು ಕಣ್ಣಿರುವವರು ಸಾಕ್ಷಿ ಹೇಳಿದರು. ಅವಳೇನು ತಿಳಿಯಬೇಕು ಹೇಳು. ಧೈರ್ಯ ಹೇಳಲು ಹೋಗಿ ನಾನು ಅವಳ ಬೆರಳುಗಳನ್ನೇ ಕಿತ್ತುಕೊಂಡು ಬಂದಿದ್ದೆ. ಮೊದಲು ಅವಳ ಕೈ ಬಿಸಿ ಇದ್ದದ್ದು ತಿಳಿಯಲಿಲ್ಲ, ಈಗ ಇದು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತದ್ದನ್ನು ತಾತ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ನಾನೇ ನಿನಗೆ ಹೇಳುತ್ತಿದ್ದೇನೆ.

ಕಣ್ಣೊರೆಸಿಕೊಂಡು ಫೋನಿಗೆ ಕೈ ಹಾಕಿದೆ, ತಪ್ಪು ನನ್ನದು ಎಂದು ನರ್ಸಕ್ಕನಿಂದ ಹೇಳಿಸೋಣವೆಂದು. ತಾತ ಕೈ ತಡೆದರು. ‘ಹೇಳಿಸಿದರೆ ನಂಬ್ತಾಳಾ? ಸಮಾಧಾನಕ್ಕೆ ಹೇಳ್ತಿದ್ದಾರೆ ಅಂದ್ಕೊತಾಳೆ. ಈಗ ನೀನು ಸರಿಯಾಗಿ ಬರೆದು ಕಳಿಸಿದರೂ ಮುಟ್ಟೋಲ್ಲ, ಹೆದರಿದ್ದಾಳೆ. ಅವಳಿಗೆ ಬೇಕಾಗಿರೋದು ಸಮಾಧಾನ ಅಲ್ಲ ಮಗಳೇ, ಕೆಲಸ.’ ಭೂಗೋಳದ ಕಟ್ಟಿನಿಂದ ನಾವು ಆ ಶನಿವಾರ ಓದಿ ಮುಗಿಸಿದ್ದ ಒಂದು ಕರಡು ಹಾಳೆ ಎಳೆದರು. ನನ್ನ ಕಡೆ ಬೆನ್ನು ಹಾಕಿ, ಹೆಬ್ಬೆರಳಿನ ಉಗುರಿನಿಂದ ಎಲ್ಲೋ ಒಂದು ಚುಕ್ಕಿಯನ್ನು ಮಟ್ಟಸ ಮಾಡಿದರು. ‘ಎಲ್ಲಿ ಅಂತ ಕೇಳಬೇಡ. ನಿನಗೆ ಗೊತ್ತಾದರೆ ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಗುತ್ತೆ. ಇದರ ಜೊತೆ ಒಂದೇ ಮಾತು ಹೇಳಿಸು: ನದಿಗಳ ಅಧ್ಯಾಯ ಸೋಮವಾರ ಅಚ್ಚಿಗೆ ಹೋಗಬೇಕು, ಒಂದು ತಪ್ಪು ಉಳಿದಿದೆ ಅಂತ ತಾತ ಅಂತಾರೆ, ನಮಗ್ಯಾರಿಗೂ ಸಿಗ್ತಿಲ್ಲ.’

ಶುಕ್ರವಾರ ಬೆಳಗ್ಗೆ ಆ ಹಾಳೆಯನ್ನು ಲಕೋಟೆಗೆ ಹಾಕಿ ಆಸ್ಪತ್ರೆಯ ಕಿಟಕಿಯ ಎದುರು ನಿಂತಾಗ ನನ್ನ ಕೈ ಹಿಂದೆ ಸರಿಯಿತು. ನಿಜವಾಗಿಯೂ ಬೆರಳು ಜೋಮು ಹಿಡಿದಿದ್ದರೆ? ನನ್ನ ಕಾಗದ ತಪ್ಪು ಎಂಬುದೇನೋ ನಿಜ, ಆದರೆ ಬೆರಳು ಸರಿ ಇದೆ ಎಂಬುದಕ್ಕೆ ಅದು ಸಾಕ್ಷಿಯಲ್ಲವಲ್ಲ. ಹಾಗೇನಾದರೂ ಆಗಿದ್ದರೆ ನಾನು ಕೊಡುತ್ತಿರುವುದು ಕೆಲಸವಲ್ಲ, ತೀರ್ಪು. ಹಿಂದೆ ಸಾಲಿನಲ್ಲಿದ್ದವರೊಬ್ಬರು ‘ಕೊಡ್ತೀರೋ ಇಲ್ಲ ಇಟ್ಕೊತೀರೋ’ ಎಂದು ಕೇಳಿದರು. ಕೊಟ್ಟೆ. ಅದಾದ ಮೇಲಿನ ಮೂವತ್ತು ಗಂಟೆ ನಾನು ಬದುಕಿದ್ದು ನಿನ್ನ ಎರಡು ಹೊತ್ತಿನ ನಿಯಮದ ಮೇಲೆ. ಶುಕ್ರವಾರ ಐದೂವರೆಗೆ, ಲಕೋಟೆ ಮೇಜಿನ ಮೇಲಿದೆ, ಬಿಚ್ಚಿಲ್ಲ. ಶನಿವಾರ ಎಂಟೂವರೆಗೆ, ಬಿಚ್ಚಿದ್ದಾಳೆ, ಎದೆಯ ಮೇಲಿಟ್ಟುಕೊಂಡು ಮಲಗಿದ್ದಾಳೆ. ನಡುವಿನ ಒಂಬತ್ತು ಗಂಟೆಯಲ್ಲಿ ಫೋನು ಮುಟ್ಟಬಾರದೆಂದು ಅದನ್ನು ನಿನ್ನ ಗಂಬೂಟಿನೊಳಗೆ ಹಾಕಿ, ಗಂಬೂಟನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಮೇಲೆ ಕುಳಿತು ಪರದೆಯ ಅಂಚು ಹೊಲಿದೆ. ಹೊಲಿಗೆ ಹಾವು ಹರಿದಂತಿದೆ, ನೋಡಿದಾಗ ಏನೂ ಅನ್ನಬೇಡ.

ಐದೂವರೆಗೆ ನರ್ಸಕ್ಕ ಅಂಕಿಯನ್ನೇ ಹೇಳಲಿಲ್ಲ. ‘ಪೆನ್ಸಿಲ್ ತಗೋ. ಒಂಬತ್ತನೇ ಸಾಲು, ನಾಲ್ಕನೇ ಪದ, ಎರಡನೇ ಅಕ್ಷರದಲ್ಲಿ ಒಂದು ಚುಕ್ಕಿ ಮಟ್ಟಸವಾಗಿದೆಯಂತೆ. ಯಾರೋ ಬೇಕಂತಲೇ ಉಗುರಲ್ಲಿ ಒತ್ತಿದ್ದಾರಂತೆ, ಆ ಉಗುರಿನ ಯಜಮಾನರಿಗೆ ಹೇಳು ಅಂತ ಹೇಳಿದಳು’ ಎಂದರು. ಸುದ್ದಿ ಕೇಳಲೆಂದು ಮೂಲ ಪುಸ್ತಕ ಸಮೇತ ಮನೆಗೆ ಬಂದು ಪಕ್ಕದಲ್ಲಿ ಕೂತಿದ್ದ ತಾತನ ಮುಖ ನೋಡಿದೆ. ತಲೆಯಾಡಿಸಿದರು. ನಾನು ಅಳಲು ಶುರು ಮಾಡುವಷ್ಟರಲ್ಲಿ ನರ್ಸಕ್ಕ ಗದರಿದರು: ‘ತಾಳಮ್ಮ, ಇನ್ನೊಂದಿದೆ. ಹದಿನೇಳನೇ ಸಾಲಿನಲ್ಲಿ ನದಿ ಪಶ್ಚಿಮಕ್ಕೆ ಹರಿಯುತ್ತೆ ಅಂತಿದೆಯಂತೆ. ಮೇಲಿನ ಪಾಠದಲ್ಲೆಲ್ಲ ಪೂರ್ವಕ್ಕೆ ಹರಿದ ನದಿ ಇಲ್ಲಿ ಯಾಕೆ ತಿರುಗಿತು ಅಂತ ಕೇಳ್ತಿದ್ದಾಳೆ.’ ತಾತ ಇದಕ್ಕೆ ತಲೆಯಾಡಿಸಲಿಲ್ಲ. ಅವರು ಕೆಡಿಸಿದ್ದು ಒಂದನ್ನೇ. ಮೂಲ ಪುಸ್ತಕ ತೆಗೆದು ನೋಡಿದೆವು. ಪೂರ್ವ ಎಂದೇ ಇತ್ತು. ಅದು ನಮ್ಮಿಬ್ಬರದೇ ತಪ್ಪು ಕಣೋ, ಆ ಶನಿವಾರದ್ದು. ಅವಳು ಜ್ವರದಲ್ಲಿ ಓದಿದ್ದಳು, ನಾನು ಪೆನ್ಸಿಲ್ ತಟ್ಟಬೇಕಾದ ಕಡೆ ಪರದೆಯ ಬಣ್ಣ ಕೇಳಿದ್ದೆ.

ಬೆರಳ ಮೇಲೆ ನಂಬಿಕೆ ಬಂದ ಮೇಲೆ ರಾತ್ರಿಯೇ ನನ್ನ ಕಾಗದವನ್ನೂ ಮತ್ತೆ ಸವರಿ ಗುಟ್ಟು ಹಿಡಿದಿದ್ದಳು. ಇವತ್ತಿನ ಆರು ನಿಮಿಷವನ್ನು ಪೂರ್ತಿ ಬರೆಯಲು ಹಾಳೆ ಸಾಲದು, ಸ್ಯಾಂಪಲ್ ಕೊಡುತ್ತೇನೆ. ‘ನಾಲ್ಕು ವರ್ಷ ನನ್ನ ಎದುರು ಕೂತಿದ್ದೀಯ ಅಲ್ಪವಿರಾಮ ಒಂದು ದಿನವಾದರೂ ನನ್ನ ಕೈ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತೆ ಅಂತ ನೋಡಿದೀಯಾ ಪ್ರಶ್ನಾರ್ಥಕ. ಒಂದನೇ ಕ್ಲಾಸಿನ ಮಕ್ಕಳು ಮಾಡೋ ತಪ್ಪು ಅಲ್ಪವಿರಾಮ ಅವುಗಳಿಗೂ ಒಂದು ವಾರದಲ್ಲಿ ಬುದ್ಧಿ ಬರುತ್ತೆ ಪೂರ್ಣವಿರಾಮ. ನದಿಯನ್ನೇ ಹಿಂದಕ್ಕೆ ಹರಿಸಿದವಳಿಗೆ ಅಕ್ಷರ ಯಾವ ಲೆಕ್ಕ ಪೂರ್ಣವಿರಾಮ. ನಿನ್ನ ಗಂಡ ನಿನಗೆ ಗಾಳಿಯ ದಿಕ್ಕು ಬರೆದುಕೊಳ್ಳಲು ಹೇಳದಿರಲಿ ಪೂರ್ಣವಿರಾಮ.’ ನಾನು ನಗುತ್ತಲೂ ಅಳುತ್ತಲೂ ಇದ್ದೆ. ಪಶ್ಚಿಮದ ತಪ್ಪನ್ನು ತಾನೂ ಬಿಟ್ಟಿದ್ದೆ ಎಂದು ಒಪ್ಪಿಕೊಂಡಳು; ‘ನನ್ನ ಮೈ ಬಿಸಿ ಇರೋದು ನನಗೇ ಗೊತ್ತಾಗಲಿಲ್ಲ, ನಿನಗೆ ಹೇಗೆ ಗೊತ್ತಾಗಬೇಕು’ ಎಂದಳು. ಹದಿನೈದು ದಿನದಿಂದ ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಅಷ್ಟು ಸುಲಭವಾಗಿ ಎದ್ದು ಹೋಯಿತು. ಕೊನೆಯಲ್ಲಿ ದನಿ ತಗ್ಗಿಸಿ, ‘ಎರಡು ದಿನ ನಾನು ಈ ಬೆರಳುಗಳಿಗೆ ಹೋಗಿ ಬನ್ನಿ ಅಂದುಬಿಟ್ಟಿದ್ದೆ ಕಣೇ’ ಎಂದಳು. ಆ ಒಂದು ಮಾತಿಗೆ ಮಾತ್ರ ಯಾವ ಚಿಹ್ನೆಯನ್ನೂ ಹೇಳಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅವಳ ಉಸಿರು ಸರಾಗವಾಗಿತ್ತು. ಆ ತಿರುಗುಮುರುಗು ಕಾಗದವನ್ನು ಹರಿದು ಹಾಕು ಎಂದರೆ ಹಾಕುವುದಿಲ್ಲವಂತೆ. ಈಗ ಬಲದಿಂದ ಎಡಕ್ಕೆ ಓದಿ ಮುಗಿಸಿದ್ದಾಳೆ, ಎಂಟು ಸಾಲಿನಲ್ಲಿ ಆರು ಕಾಗುಣಿತದ ತಪ್ಪು ಇದೆಯಂತೆ.

ನಿನಗೆ ನಾನು ಕೃತಜ್ಞತೆ ಹೇಳಬೇಕು, ಆದರೆ ಹೇಗೆ ಹೇಳುವುದೆಂದು ಶಾಲೆಯಲ್ಲಿ ಕಲಿಸಿಲ್ಲ. ಮದುವೆಯಾದ ತಿಂಗಳಿಗೇ ಹೆಂಡತಿ ರೈಲು ರದ್ದು ಮಾಡಿ ಗೆಳತಿಯ ಬಾಗಿಲಲ್ಲಿ ನಿಂತರೆ ಬೇರೆ ಗಂಡಂದಿರು ಮುಖ ಊದಿಸುತ್ತಾರಂತೆ. ನೀನು ‘ಅವಳು ಏಳುವವರೆಗೆ ಹೊರಡಬೇಡ, ಇಲ್ಲಿಯ ಮೋಡ ಎಲ್ಲೂ ಹೋಗುವುದಿಲ್ಲ’ ಎಂದು ಬರೆದೆ. ಹವಾಮಾನದವನಾಗಿ ಅದು ಶುದ್ಧ ಸುಳ್ಳು ಎಂದು ಗೊತ್ತಿದ್ದರೂ ಬರೆದೆ. ಆ ಸಾಲನ್ನು ದಿನಕ್ಕೆ ಎರಡೇ ಸಲ ಓದುತ್ತೇನೆ, ಎಂಟೂವರೆಗೆ ಮತ್ತು ಐದೂವರೆಗೆ.

ಮೈ ಜೋಪಾನ. ಮಫ್ಲರ್ ಮರೆಯಬೇಡ. ನಿನ್ನ ಮಳೆಮಾಪಕಕ್ಕೆ, ಗಾಳಿಕೋಳಿಗೆ, ಟ್ಯಾಂಕಿನ ಏಣಿಗೆ ನನ್ನ ನೆನಪು ತಿಳಿಸು. ಅತ್ತೆಯವರಿಗೆ ಫೋನು ಮಾಡಿದಾಗ ನಾನು ಕುಣಿದದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳು.

ನಿನ್ನವಳೇ ಆದ
ಗಡಿಬಿಡಿ

ಮರೆತದ್ದು: ಕಾಗದವನ್ನು ಅಂಚೆಗೆ ಹಾಕಲು ಒಯ್ಯುವ ತಾತನ ಸೈಕಲ್ ಬೆಲ್ ಕೇಳಿಸುತ್ತಿದೆ, ಬೇಗ ಬೇಗ ಬರೆಯುತ್ತೇನೆ. ಅವಳನ್ನು ಮಂಗಳವಾರ ಬಿಡುತ್ತಾರೆ, ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಹತ್ತು ದಿನ ಇಲ್ಲಿ ನನ್ನ ಹತ್ತಿರ ಇರುತ್ತಾಳೆ. ಆಮೇಲೂ ಆರು ವಾರ ಒಳ್ಳೆಯ ಗಾಳಿ ಬೇಕಂತೆ, ಒಬ್ಬಳೇ ಇರಬಾರದಂತೆ, ಮಹಡಿ ಹತ್ತಬಾರದಂತೆ. ಅವಳ ಕೋಣೆ ಮೂರನೇ ಮಹಡಿಯಲ್ಲಿ. ‘ಮನೆಯಲ್ಲಿ ಎರಡು ಕೋಣೆ, ಒಂದರಲ್ಲಿ ನಾನು, ಇನ್ನೊಂದರಲ್ಲಿ ಬರೀ ಗಾಳಿ’ ಎಂದು ನೀನು ಬರೆದಿದ್ದೆಯಲ್ಲ, ಆ ಗಾಳಿಯ ಕೋಣೆಯನ್ನು ನಿನ್ನನ್ನು ಕೇಳದೆ ಕೊಟ್ಟುಬಿಟ್ಟಿದ್ದೇನೆ. ಅವಳು ಸುಮ್ಮನೆ ಒಪ್ಪಲಿಲ್ಲ. ‘ಹೊಸ ಮದುಮಕ್ಕಳ ಮಧ್ಯೆ ನಾನ್ಯಾಕೆ’ ಎಂದಳು. ಭೂಗೋಳದ ಕೊನೆಯ ಅಧ್ಯಾಯದ ಕರಡನ್ನು ತಾತ ಕಟ್ಟಿ ಕೊಡುತ್ತಾರೆ, ಕೆಲಸಕ್ಕೇ ಬಾ ಎಂದ ಮೇಲೆ ಒಪ್ಪಿದಳು. ಅಧ್ಯಾಯದ ಹೆಸರು ಗಾಳಿ ಮತ್ತು ಮೋಡ. ತಪ್ಪಿದ್ದರೆ ಹಿಡಿಯಲು ಗುಮಾಸ್ತರೇ ಇದ್ದಾರಲ್ಲ ಎಂದಳು. ಆದ್ದರಿಂದ ದಯವಿಟ್ಟು ಒಂದು ಅಗಲವಾದ ಮೇಜು, ಎರಡು ಕುರ್ಚಿ ಎದುರುಬದುರು. ಕೋಪ ಬಂದಿದ್ದರೆ ಸ್ಟೇಷನ್ನಿಗೆ ಬರುವಷ್ಟರಲ್ಲಿ ಇಳಿಸಿಕೊಂಡು ಬಾ. ಉಳಿದದ್ದನ್ನು ತಿದ್ದಮ್ಮ ಹೇಳಿಕೊಟ್ಟಂತೆಯೇ ಬರೆಯುತ್ತಿದ್ದೇನೆ: ಶುಕ್ರವಾರ ಅಲ್ಪವಿರಾಮ ಇಪ್ಪತ್ತಾರನೇ ತಾರೀಕು ಅಲ್ಪವಿರಾಮ ಮಧ್ಯಾಹ್ನ ಎರಡೂ ಹತ್ತರ ಪ್ಯಾಸೆಂಜರ್ ಅಲ್ಪವಿರಾಮ ಹಿಂದಿನಿಂದ ಎರಡನೇ ಬೋಗಿ ಅಲ್ಪವಿರಾಮ ಇಬ್ಬರು ಪೂರ್ಣವಿರಾಮ